ಬೀಗರಿಗೊಂದು ಹಗ್ಗ, ನಮಗೊಂದು ಹಗ್ಗ

ಗೊತ್ತಿಲ್ಲದವನು ತಪ್ಪು ಮಾಡಿದರೆ ಜನ ಕನಿಕರಿಸುತ್ತಾರೆ. ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವವನು ಮಾಡಿದರೆ ಮುಖ ಮುಚ್ಚಿಕೊಳ್ಳಲು ಟವೆಲ್ಲೂ ಸಾಲದು. ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎರಡು ಬಲಗಳನ್ನು ಕೂಡಿಸುವಾಗ ಬರೀ ಅಂಕಿ ಕೂಡಿಸಿದರಾಗದು, ದಿಕ್ಕನ್ನೂ ನೋಡಬೇಕು, ನಡುವಿನ ಕೋನ ಅಗಲವಾದಷ್ಟೂ ಫಲ ಕಡಿಮೆ ಎಂದು ವರ್ಷಾವರ್ಷ ಹೇಳುತ್ತೇನೆ. ತೂಕಡಿಸುವವರತ್ತ ಸೀಮೆಸುಣ್ಣವನ್ನೂ ಎಸೆಯುತ್ತೇನೆ.

ಮೊನ್ನೆ ಮಗಳ ಮದುವೆ ಮಾತಿಗೆಂದು ದೇವನೂರಿನಿಂದ ಗಂಡಿನ ಕಡೆಯವರು ಟಿ. ನರಸೀಪುರದ ನಮ್ಮ ಮನೆಗೆ ಬಂದಿದ್ದರು. ಹುಡುಗ ಮಗಳೇ ಮೆಚ್ಚಿದವನು. ಊಟವಾದ ಮೇಲೆ ತಲಕಾಡಿಗೆ ಹೋಗಿ ಅಲ್ಲೇ ಮಾತು ಮುಗಿಸೋಣ ಎಂದವನು ನಾನು. ಕಾರು ಹೊಳೆಯವರೆಗೂ ಹೋಗುತ್ತದೆ ಎಂದು ದಾರಿ ತೋರಿಸಿದವನೂ ನಾನೇ. ಬೀಗರ ಹೊಸ ಕಾರು ಮರಳಿನಲ್ಲಿ ಹೂತು ಕೂತಿತು.

ಯಾರೋ ಹಗ್ಗ ತಂದರು. ಎಡವಟ್ಟಾದದ್ದು ಇಲ್ಲೇ. ಬೀಗರನ್ನು ಹಿಂದೆ ನಿಲ್ಲಿಸುವುದುಂಟೇ? ಪಂಕ್ತಿಯಲ್ಲಿ ಎಲೆ ಒಂದಿಷ್ಟು ಆಚೆ ಹಾಕಿದ್ದಕ್ಕೇ ವರ್ಷಗಟ್ಟಲೆ ಮಾತು ಬಿಟ್ಟ ಬೀಗರು ನಮ್ಮ ವಂಶದಲ್ಲಿದ್ದಾರೆ. ಒಂದೇ ಹಗ್ಗವಾದರೆ ಯಾರು ಮುಂದೆ, ಯಾರು ಹಿಂದೆ? ನಾನು ಹಗ್ಗವನ್ನು ಎರಡಾಗಿ ಕೊಯ್ಯಿಸಿ ಮುಂದಿನ ಬಂಪರಿನ ಎರಡು ತುದಿಗೆ ಕಟ್ಟಿಸಿದೆ. ಬಲಕ್ಕೆ ಅವರು, ಎಡಕ್ಕೆ ನನ್ನ ಭಾವಮೈದುನರು. ಇಕ್ಕಟ್ಟಾದರೆ ಅದಕ್ಕೂ ಬೇಸರವಾದೀತೆಂದು, "ಇನ್ನೂ ಆಚೆಗೋಗಿ, ಆರಾಮಾಗಿ ನಿಂತ್ಕೊಳ್ಳಿ" ಎಂದು ಎರಡೂ ಕಡೆಯವರನ್ನು ದೂರ ದೂರ ಸರಿಸಿದೆ.

ಮರ್ಯಾದೆಯ ಪ್ರಶ್ನೆ ನೋಡಿ, ಎಲ್ಲರೂ ಜೀವ ಬಿಟ್ಟು ಎಳೆದರು. ಕಾರು ಅಲ್ಲಾಡಲಿಲ್ಲ. ಬಂಪರು ಮಾತ್ರ ನಡುವೆ ಸೀಳಿ, ಅರ್ಧ ಗಂಡಿನ ಕಡೆಗೂ ಅರ್ಧ ಹೆಣ್ಣಿನ ಕಡೆಗೂ ಹೋಯಿತು.

ಹುಡುಗನ ತಂದೆ ಮರಳಿನಿಂದೆದ್ದು ಪಂಚೆ ಕೊಡವಿಕೊಂಡರು. "ಅಲ್ಲಾ ಮೇಷ್ಟ್ರೇ, ಅತ್ಲಾಗ್ ಅವ್ರು, ಇತ್ಲಾಗ್ ನಾವು ಎಳುದ್ರೆ ಕಾರು ಯಾವ್ ಕಡೀಕ್ ಬಂದದು? ಕಾಲೇಜ್ನಲ್ಲೂ ಇಂಗೇಯಾ ಏಳ್ಕೊಡದು?"

ನನಗೆ ಆ ಮರಳಿನಲ್ಲೇ ಹೂತುಹೋಗಬೇಕೆನ್ನಿಸಿತು. ಮಗಳ ಕಣ್ಣು ತುಂಬಿತ್ತು. ಸಂಬಂಧ ಮುರಿದರೆ ಅವಳಿಗೆ ಹೇಗೆ ಮುಖ ತೋರಿಸಲಿ? ಅವಳೇ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಕಾರಿನ ಹಿಂದೆ ಹೋಗಿ ತಳ್ಳಲು ಕೈ ಹಚ್ಚಿದಳು. ಪಕ್ಕದಲ್ಲಿ ಹುಡುಗ ನಿಂತ. ಆಮೇಲೆ ಎರಡೂ ಕಡೆಯವರು ಹಿಂದೆಯೇ ನಿಂತು ತಳ್ಳಿದರು. ಯಾರ ಮರ್ಯಾದೆಯೂ ಹೋಗಲಿಲ್ಲ. ಕಾರು ಎದ್ದು ಬಂತು.

ಮದುವೆ ಗೊತ್ತಾಯಿತು. ಬೀಗರದು ಒಂದೇ ಷರತ್ತು: "ಮದ್ವೇಲಿ ಯಾರ್ ಎಲ್ಲಿ ನಿಂತ್ಕಬೇಕು ಅಂತ ಮೇಷ್ಟ್ರು ಮಾತ್ರ ಏಳ್ಬಾರ್ದು ಕಣ್ರೀ."

ಸೋಮವಾರ ಬೋರ್ಡಿನ ಮೇಲೆ ಎರಡು ಬಾಣ ಬರೆದಾಗ ಇನ್ನೊಂದು ಹೊಳೆಯಿತು. ಆ ದಿನ ಎಲ್ಲರೂ ಎಳೆದಿದ್ದರು, ತಳ್ಳಿದ್ದರು; ಕಾರಿಗೆ ಕೈ ಹಚ್ಚದೆ ಬರೀ ದಿಕ್ಕು ತೋರಿಸಿದವನು ನಾನೊಬ್ಬನೇ. ಹಿಂದಿನ ಬೆಂಚಿನಲ್ಲಿ ಯಾರೋ ತೂಕಡಿಸುತ್ತಿದ್ದರು. ಸೀಮೆಸುಣ್ಣ ಎಸೆಯಲು ಕೈ ಏಳಲಿಲ್ಲ.