ನಮ್ಮಪ್ಪ ಮೆಕ್ಯಾನಿಕ್, ಏನೀಗ?

ಹುಮನಾಬಾದದಾಗ, ಬಸವಕಲ್ಯಾಣಕ್ಕ ಹೋಗೋ ರಸ್ತಾದ ಮ್ಯಾಲ, ನಮ್ಮಪ್ಪಂದು ಗಾಡಿ ರಿಪೇರಿ ಗ್ಯಾರೇಜ್ ಅದ. ಅಲ್ಲಿ ವಾರಕ್ಕೊಂದ್ಸಲರೆ ಏನರೆ ಆಗೇ ಆಗ್ತದ. ಮಂದಿ ನಗ್ತಾರ, ನನಗ ಮೈಯೆಲ್ಲಾ ಉರೀತದ. ನಾ ಯಾರ ಮುಂದೂ ಬಾಯಿ ಬಿಡಾಕಿ ಅಲ್ಲ, ಪುಸ್ತಕ ಹಿಡಕೊಂಡು ಮೂಲ್ಯಾಗ ಕೂಡಾಕಿ. ಆದ್ರ ಸಾಕಾಗ್ಯದ ಈಗ.

ನಿಧಿ

ಹೋದ ವರ್ಷ ಅಪ್ಪ ಹೊಸಾ ಮನಿ ಕಟ್ಟಿಸಿದ. ಎಲ್ಲಾ ಗ್ಯಾರೇಜಿನ ಗಳಿಕಿ. ರಾಜೇಶ್ವರದಿಂದ ನಮ್ಮ ದೊಡ್ಡ ಅತ್ತಿ ನೋಡಾಕ ಬಂದಳು. ನೆಲದ ಫರಶಿ ಮುಟ್ಟಿ ನೋಡಿದಳು, ನಳ ತಿರುವಿ ನೋಡಿದಳು, ಆಮ್ಯಾಲ ಅವ್ವನ ಕಿವ್ಯಾಗ ಕೇಳಿದಳು:

"ಖರೆ ಹೇಳು ತಂಗಿ, ಪಾಯಾ ತೋಡಾಗ ನಿಧಿ ಸಿಕ್ಕದ ಹೌದಿಲ್ಲೋ? ಕಲ್ಯಾಣದ ಕಡಿ ರಾಜರು ಭಾಳ ಹುಗದಿಟ್ಟಾರಂತ."

ರಿಪೇರಿ ಮಾಡಿ ಮನಿ ಕಟ್ಟಬಹುದು ಅಂತ ಆಕಿ ತಲ್ಯಾಗ ಬರಲೇ ಇಲ್ಲ! ಅವ್ವ ಅಪ್ಪನ ಡಬ್ಬಿ ತಗದು ಬೋಲ್ಟ್ ಬಿಚ್ಚೋ ಪಾನಾ ತೋರಿಸಿದಳು. "ಇದ ನೋಡ್ರಿ ನಮ್ಮ ನಿಧಿ."

ಅತ್ತಿ ಅದನ್ನ ಕೈಯಾಗ ತೂಗಿ ನೋಡಿ, "ಬೆಳ್ಳೀದೇನ?" ಅಂದಳು.

ಸಪ್ಪಳ

ಇಂಜಿನ್‌ದಾಗ ಸಪ್ಪಳ ಎಲ್ಲಿ ಬರಾಕತ್ತದ ಅಂತ ತಿಳೀಲಿಲ್ಲಂದ್ರ, ಅಪ್ಪ ಉದ್ದನ ಸ್ಕ್ರೂಡ್ರೈವರ್ ತುದಿ ಇಂಜಿನ್‌ಗಿಟ್ಟು, ಹಿಡಿಕಿ ಕಿವಿಗೆ ಹಚ್ಚಿ ಕೇಳ್ತಾನ, ಡಾಕ್ಟರ್ ಎದಿ ನೋಡ್ದಂಗ.

ಒಂದಿನ ಕೊಹಿನೂರದ ಅಜ್ಜಿ ಒಬ್ಬಾಕಿ ಮೊಮ್ಮಗನ ಜೋಡಿ ಟ್ರ್ಯಾಕ್ಟರ್ ಮ್ಯಾಲ ಬಂದಿದ್ದಳು. ಇದನ್ನ ನೋಡಿ, ಸ್ಕ್ರೂಡ್ರೈವರ್ ಇಸ್ಕೊಂಡು ಮೂಲ್ಯಾಗ ಓದ್ಕೋತ ಕುಂತಿದ್ದ ನನ್ನ ಕಡಿ ಸೀದಾ ಬಂದಳು.

"ಮುಂಜಾನಿಂದ ನೋಡಾಕತ್ತೀನಿ, ಈ ಪೋರಿ ಒಂದ ಮಾತ ಆಡವಲ್ಲಳು. ಚಾಲೂ ಅದಾಳೋ, ಬಂದ್ ಬಿದ್ದಾಳೋ?"

ನನ್ನ ಬೆನ್ನಿಗೆ ತುದಿ ಇಟ್ಟು, ಕಣ್ಣ ಮುಚ್ಚಿ ಕೇಳಿದಳು. ಗ್ಯಾರೇಜಿನ ಮಂದಿ ಎಲ್ಲಾ ಕೆಲಸಾ ಬಿಟ್ಟು ನೋಡಾಕತ್ತಿದ್ರು.

"ಇಂಜಿನ್ ಛಲೋ ಅದ," ಅಂತ ಅಪ್ಪಗ ಹೇಳಿದಳು. "ಹಾರ್ನ್ ಅಷ್ಟ ಹೋಗ್ಯದ."

ಎಲ್ಲಾರೂ ನಕ್ಕರು. ಅಪ್ಪನೂ! ಸ್ವಂತ ಅಪ್ಪ!

ನಿಂಬಿಹಣ್ಣು

ಕಾಲೇಜಿನ ಮೊದಲ ದಿನ ಫಿಜಿಕ್ಸ್ ಸರ್ ಒಬ್ಬೊಬ್ಬರಿಗೇ, "ನಿಮ್ಮಪ್ಪ ಏನ ಮಾಡ್ತಾರ?" ಅಂತ ಕೇಳಿದ್ರು. ನಾ ಎದ್ದು, "ಮೆಕ್ಯಾನಿಕ್ ರಿ" ಅಂದೆ.

"ಕೇಳಿದ್ರೇನು? ಓದಲಿಲ್ಲಂದ್ರ ಎಲ್ಲಾರೂ ಹಿಂಗ ಗಾಡಿ ಕೆಳಗ ಮಲಗಬೇಕಾಗ್ತದ!" ಅಂತ ಸರ್ ಎಲ್ಲಾರಿಗೂ ಹೇಳಿದ್ರು.

ಕ್ಲಾಸೆಲ್ಲಾ ನಕ್ಕಿತು. ನಮ್ಮಪ್ಪ ಎಷ್ಟು ಛಂದ ಗಳಸ್ತಾನ, ಎಷ್ಟು ದೂರದ ಮಂದಿ ಅವನ್ನ ಹುಡುಕ್ಕೊಂಡು ಬರ್ತಾರ ಅಂತ ಹೇಳಬೇಕಂದೆ. ಬಾಯಿ ಬರಲಿಲ್ಲ.

ದಸರಾ ಮರುದಿನ ಅದೇ ಸರ್ ಬೈಕ್ ನೂಕ್ಕೋತ ಗ್ಯಾರೇಜಿಗೆ ಬಂದ್ರು. ಅಂಗಿ ಎಲ್ಲಾ ಬೆವರು.

"ಚಾಲೂ ಆಗ್ತದ, ಭುಸ್ ಅಂತದ, ಬಂದ್ ಬೀಳ್ತದ. ಕಾರ್ಬೊರೇಟರ್ ಹೋಗ್ಯದ, ನನಗ ಗೊತ್ತದ."

ಅಪ್ಪ ಇಂಜಿನ್ ಮುಟ್ಟಲೇ ಇಲ್ಲ. ಹ್ಯಾಂಡಲ್ ಮ್ಯಾಲಿನ ಚೆಂಡಹೂವಿನ ಹಾರ ನೋಡಿದ. "ನಿನ್ನಿ ಪೂಜಾ ಮಾಡೀರೇನ್ರಿ?"

"ಹೌದು. ಯಾಕ?"

ಅಪ್ಪ ಹಿಂದ ಕುಂತು, ಸೈಲೆನ್ಸರ್ ಪೈಪಿನೊಳಗ ತಂತಿ ಹಾಕಿ ಜಗ್ಗಿದ. ಕುಂಕುಮ ಹಚ್ಚಿದ್ದ ನಿಂಬಿಹಣ್ಣು ಒಂದು, ಮೈತುಂಬ ಮಸಿ ಬಳಕೊಂಡು, ಟಪ್ ಅಂತ ಹೊರಗ ಬಿತ್ತು.

"ಗಾಲಿ ಕೆಳಗ ಇಟ್ಟಿದ್ದು ಒಂದ ಸಲಕ್ಕ ಒಡದು ಹೋಗ್ತದಲ್ರಿ," ಅಂದ್ರು ಸರ್. "ಇದು ವರ್ಷಪೂರ್ತಿ ಇರ್ಲಿ ಅಂತ ನಾನೇ ಒಳಗ ತುರುಕಿದ್ದೆ."

ನನಗ ಎಲ್ಲಿಂದ ದನಿ ಬಂತೋ ಗೊತ್ತಿಲ್ಲ. "ಸರ್, ಓದಲಿಲ್ಲಂದ್ರ ಗಾಡಿ ಕೆಳಗ ಮಲಗಬೇಕಾಗ್ತದ ಅಂದಿದ್ರಿ. ಓದಿದವರು ನೂಕಬೇಕಾಗ್ತದ ಅಂತ ಹೇಳಿರಲಿಲ್ರಿ."

ಅಪ್ಪ ಕೈ ಒರಸ್ಕೋತ, "ಆ ಅಜ್ಜಿಗೆ ಫೋನ್ ಹಚ್ಚಬೇಕು, ಹಾರ್ನ್ ರಿಪೇರಿ ಆತು" ಅಂದ.

ಸರ್ ಗಾಡಿ ಚಾಲೂ ಮಾಡಿ, ನನ್ನ ಹತ್ರ ಬಂದು ಸಣ್ಣ ದನೀಲೆ, "ಕ್ಲಾಸಿನ್ಯಾಗ ಯಾರಿಗೂ ಹೇಳಬ್ಯಾಡವ್ವ" ಅಂದ್ರು.

"ಇಲ್ರಿ ಸರ್" ಅಂದೆ.

ನಾ ಮಾತಿಗೆ ತಪ್ಪಾಕಿ ಅಲ್ಲ. ಯಾರಿಗೂ ಹೇಳಿಲ್ಲ. ಕಾಲೇಜ್ ಮ್ಯಾಗಝಿನ್‌ಗೆ ಬರದು ಕೊಟ್ಟೀನಿ, ಅಷ್ಟ.