ಕಡಿಮೆ ಜನ ಇರುವ ಕಡೆ

ಪೆರಂಬೂರಿನ ನಮ್ಮ ಬೀದಿಯ ಕಾರ್ಪೊರೇಷನ್ ಶಾಲೆಯ ಗೇಟಿನ ಎಡಕ್ಕೆ, ಇಸ್ತ್ರಿ ಗಾಡಿಗೂ ಕಾಂಪೌಂಡ್ ಗೋಡೆಗೂ ನಡುವೆ ನಾನು ನಿಂತಿದ್ದೆ. ಸೋಮವಾರ ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಅಂದು ನಡೆದದ್ದು ಆಮೇಲೆ ಬೀದಿಯವರ ಬಾಯಲ್ಲಿ ನಾನಾ ರೂಪ ತಾಳಿತು. ಒಂದರಲ್ಲಂತೂ ನಮ್ಮ ಸೋದರಮಾವ ಪೊಲೀಸರ ಮೇಲೆ ಕೈ ಮಾಡಿದ್ದಾರೆ! ಮಾವ ಸೊಳ್ಳೆ ಹೊಡೆದದ್ದನ್ನೂ ನಾನು ಕಂಡಿಲ್ಲ. ಅವರಿಗಿದ್ದ ಚಟ ಒಂದೇ: ಎಲ್ಲಿ ಜನ ಕಡಿಮೆಯೋ ಆ ಕಡೆ ಹೋಗಿ ನಿಲ್ಲುವುದು.

ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಯೂನಿಯನ್ ಚುನಾವಣೆ ಬಂದರೆ ಸೋಲುವವನನ್ನೇ ಹುಡುಕಿ ಬೆಂಬಲಿಸುತ್ತಿದ್ದರು. ಅಭ್ಯರ್ಥಿಗಳು ಮನೆಗೆ ಬಂದು ಕೈ ಮುಗಿಯುತ್ತಿದ್ದರು. ಓಟು ಕೇಳಲು ಎಂದುಕೊಂಡಿರಾ? "ಸಾರ್, ದಯವಿಟ್ಟು ನೀವು ನಮ್ಮ ಕಡೆ ಬರ್ಬೇಡಿ!" ಕ್ರಿಕೆಟ್ಟಿನಲ್ಲೂ ಅಷ್ಟೆ. ಸೋಲುತ್ತಿರುವ ತಂಡಕ್ಕೆ ಚಪ್ಪಾಳೆ ತಟ್ಟುವರು. ಅದು ಗೆಲ್ಲತೊಡಗಿದರೆ ಮುಖ ಗಂಟಿಕ್ಕಿಕೊಂಡು ಇನ್ನೊಂದು ತಂಡಕ್ಕೆ ವರ್ಗವಾಗುವರು. ಯಾಕೆ ಮಾವ ಹೀಗೆ ಎಂದರೆ, "ಆ ಕಡೆ ಅಷ್ಟೊಂದು ಜನ ಇದಾರಲ್ಲೋ, ನಾನು ಹೋಗಿ ಎಲ್ಲಿ ನಿಂತ್ಕೊಳ್ಲಿ?" ಎನ್ನುತ್ತಿದ್ದರು.

ಕೊರೋನಾ ಇಳಿದು ಶಾಲೆ ತೆರೆದಾಗ ಮಕ್ಕಳಿಗೆಲ್ಲ ಮಾಸ್ಕ್ ಕಡ್ಡಾಯವಾಯಿತು. ಮಾವನ ಮೊಮ್ಮಗ ಅಲ್ಲೇ ಓದುತ್ತಿದ್ದ. ಪೋಷಕರ ಸಭೆಯಲ್ಲಿ ಎಲ್ಲರೂ ಒಪ್ಪಿದರು. ಎಲ್ಲರೂ! ಮಾವ ಏಳದಿರಲು ಸಾಧ್ಯವೇ?

"ಮಧ್ಯಾಹ್ನ ಸಾಲಾಗಿ ಕೂತು ಮೊಟ್ಟೆ ತಿನ್ನೋವಾಗ ಎಲ್ಲರೂ ಬಾಯಿ ತೆರೀತಾರಲ್ಲ ಟೀಚರ್, ಆಗ ಕೊರೋನಾ ರಜಾ ಹಾಕುತ್ತಾ?" ಎಂದು ತಮ್ಮ ಕನ್ನಡ ವಾಸನೆಯ ತಮಿಳಿನಲ್ಲಿ ಕೇಳಿದರು. ಸಭೆ ಅವರನ್ನು ಹೊರಗೆ ಕಳಿಸಿತು.

ಮುಂದೆ ನಿಯಮ ಹೋಯಿತು. ಊರೆಲ್ಲ ಮಾಸ್ಕ್ ಕಿತ್ತೆಸೆಯಿತು. ಮಾವ ಹಾಕಿಕೊಂಡರು!

"ಏನ್ರೀ ಇದು, ಹಾಕ್ಕೊಳ್ಳಿ ಅಂತ ಬಡ್ಕೊಂಡಾಗ ಹಾಕ್ಲಿಲ್ಲ. ಈಗ ನೋಡಿದ್ರೆ ಕಾಫಿ ಕುಡಿಯೋಕೂ ತೆಗೆಯಲ್ಲ," ಎಂದರು ಅತ್ತೆ.

"ತೆಗೀತೀನಿ ಕಣೇ. ಮೊದಲು ಕಾಫಿ ತಾ."

ಇಲ್ಲಿಯವರೆಗೆ ನಗುವ ಮಾತು. ಶಾಲೆಯಲ್ಲಿ ಇನ್ನೂ ಮಾಸ್ಕ್ ಹಾಕುತ್ತಿದ್ದವಳು ಒಬ್ಬಳೇ, ಮೂರನೇ ಕ್ಲಾಸಿನ ಕಯಲ್. ಅವಳ ತಾಯಿಗೆ ಕಿಡ್ನಿ ಬದಲಾಯಿಸಿದ್ದರು. ಬೇರೆಯವರಿಗೆ ನೆಗಡಿಯಾಗಿ ಹೋಗುವುದು ಈಕೆಗೆ ಪ್ರಾಣಕ್ಕೇ ಬರಬಹುದು, ಮಗು ಶಾಲೆಯಿಂದ ಏನನ್ನೂ ಅಂಟಿಸಿಕೊಂಡು ಬರಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಕೆಲವು ಪೋಷಕರು ಇದನ್ನು ನಂಬಲಿಲ್ಲ. ಹುಡುಗಿಗೇ ಏನೋ ರೋಗವಿದೆ, ನಮ್ಮ ಮಕ್ಕಳು ಹೆದರುತ್ತಾರೆ, ಮಾಸ್ಕ್ ತೆಗೆಯಲಿ ಅಥವಾ ಮನೆಯಲ್ಲಿರಲಿ ಎಂದರು. ಆ ಸೋಮವಾರ ಅವರು ಗೇಟಿಗೆ ಅಡ್ಡ ನಿಂತಿದ್ದರು. ನಾನೂ ಮಾವನೂ ಮೊಮ್ಮಗನನ್ನು ಆಗಷ್ಟೇ ಒಳಗೆ ಬಿಟ್ಟಿದ್ದೆವು.

ಕಯಲ್ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಿಂತಳು. ಮಾವ ಹೋಗಿ ಅವಳ ಪಕ್ಕ ನಿಂತರು.

"ಏನ್ ಸಾರ್, ಅವತ್ತು ಮಾಸ್ಕ್ ಬೇಡ ಅಂತ ಕೂಗಿದ್ದು ನೀವೇ ತಾನೇ?" ಎಂದು ಒಬ್ಬ ತಮಿಳಿನಲ್ಲಿ ಕೇಳಿದ. ಜನ ನಕ್ಕರು.

"ಹೌದಪ್ಪಾ. ಅವತ್ತು ನೀನು ನನ್ನನ್ನ ಸಭೆಯಿಂದ ಆಚೆ ಹಾಕ್ದೆ. ಇವತ್ತು ಈ ಮಗೂನ ಹಾಕ್ತಿದೀಯ. ಬೇರೆ ಕೆಲಸ ಇಲ್ವಾ ನಿಂಗೆ?"

ನಗು ನಿಂತಿತು. ಆತ ಹುಡುಗಿಯ ಮುಖದತ್ತ ಕೈ ಚಾಚಿದ. ಹೊಡೆಯಲು ಅಲ್ಲ, ಮಾಸ್ಕ್ ಎಳೆಯಲು. ಇದನ್ನು ನಾನು ಕಣ್ಣಾರೆ ಕಂಡೆ. ಮಾವ ಬಗ್ಗಿ ತಮ್ಮ ಮುಖವನ್ನು ಅಡ್ಡ ತಂದರು. ಎಳೆದ ರಭಸಕ್ಕೆ ಮಾವನ ಮಾಸ್ಕು ಆತನ ಕೈಗೆ ಬಂತು, ಅದರ ದಾರಕ್ಕೆ ಸಿಕ್ಕ ಕಿವಿಯ ಮಿಷನ್ ಚರಂಡಿಗೆ ಹಾರಿತು, ಮಾವ ಮಂಡಿಯೂರಿ ಬಿದ್ದರು.

ಆತ ಏನೇನೋ ಹೇಳುತ್ತಲೇ ಇದ್ದ, ಬಹುಶಃ ಸಮಜಾಯಿಷಿ. ಮಿಷನ್ ಇಲ್ಲದ ಮಾವನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಜೀವಮಾನದಲ್ಲಿ ಅವರು ಗೆದ್ದ ಮೊದಲ ವಾದ ಇದೇ ಇರಬೇಕು!

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ತಮ್ಮ ಬಾಯಿ ಮೂಗು ಮುಚ್ಚಿಕೊಂಡರು. ಆಮೇಲೆ ಹುಡುಗಿಯತ್ತ ತಿರುಗಿ ತಮಿಳಿನಲ್ಲಿ, "ನೀ ಹೋಗಮ್ಮಾ, ಬೆಲ್ ಆಯ್ತು," ಎಂದರು. ಬೆಲ್ ಆಗಿರಲಿಲ್ಲ.

ಇಸ್ತ್ರಿಯ ಮುನಿಯಮ್ಮ ಸೆರಗನ್ನು ಮೂಗಿಗೆ ಸುತ್ತಿಕೊಂಡು ಬಂದು ಅವರ ಪಕ್ಕ ನಿಂತಳು. ಮತ್ತಿಬ್ಬರು ತಾಯಂದಿರು ಬಂದರು. ಇನ್ನೂ ಕೆಲವರು ಬಂದರು. ಹೆಡ್‌ಮಿಸ್ ಹೊರಗೆ ಬಂದು ಕಯಲ್‌ಳ ಕೈ ಹಿಡಿದು ಕರೆದೊಯ್ದರು. ಅಂದಿನಿಂದ ಅವಳನ್ನು ಯಾರೂ ತಡೆಯಲಿಲ್ಲ.

ನಾನು ಮಾವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ಮಾವಾ, ಈಗ ನಮ್ಮ ಕಡೇನೇ ಜನ ಜಾಸ್ತಿ. ಆ ಕಡೆ ಹೋಗಲ್ವಾ?"

ಮಾವ ಗೇಟಿನತ್ತ ನೋಡುತ್ತಲೇ ಇದ್ದರು. "ಇವತ್ತು ಬೇಡ ಕಣೋ. ಮಂಡಿ ನೋಯ್ತಿದೆ."

ಮಾವ ಈಗಿಲ್ಲ. ನನ್ನ ಮಾತು ನಂಬದಿದ್ದರೆ, ಇದನ್ನು ಹತ್ತಿರದಿಂದ ಕಂಡ ಮುನಿಯಮ್ಮ ಇದ್ದಾಳೆ. ಅದೇ ಜಾಗದಲ್ಲಿ ಇಸ್ತ್ರಿ ಮಾಡುತ್ತಾಳೆ. ಮಾಸ್ಕ್ ಎಳೆದಾತನೂ ಇದ್ದಾನೆ, ಹೆಸರು ಬೇಡ. ಎದುರುಗಡೆ ಆಟೋದೊಳಗೆ, ಆ ಜನರ ನಡುವೆ ಇಳಿಯಲಾಗದೆ, ಸೀಟಿನ ಕಂಬಿ ಹಿಡಿದು ಎಲ್ಲವನ್ನೂ ನೋಡುತ್ತಿದ್ದವರು ಇನ್ನೊಬ್ಬರು: ಕಯಲ್‌ಳ ತಾಯಿ ವಾಸುಕಿ. ಅವರೂ ಇದ್ದಾರೆ.