ರಾಶಿಯ ತಳಕ್ಕೆ ಕೈ ಹಾಕಿದ್ದು

ಯಾವುದನ್ನೂ ಮೇಲಿನಿಂದ ನೋಡಿ ನಂಬುವ ಅಭ್ಯಾಸ ನನಗಿಲ್ಲ. ಇದು ಗುಣ ಎಂದು ನಾನು, ರೋಗ ಎಂದು ನನ್ನ ಹೆಂಡತಿ, ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದೇವೆ. ಮಾವಿನಹಣ್ಣಿನ ಬುಟ್ಟಿಯಲ್ಲಿ ಮೇಲಿನ ಸಾಲನ್ನು ಬಿಟ್ಟು ಕೆಳಗಿನದನ್ನೇ ಆರಿಸುತ್ತೇನೆ. ಹೊಸ ಕುರ್ಚಿ ಮನೆಗೆ ಬಂದರೆ ಕೂರುವ ಮೊದಲು ಮಗುಚಿ ನೋಡುತ್ತೇನೆ. ಹೆಣ್ಣು ನೋಡಲು ಹೋದ ದಿನ ನನ್ನೆದುರು ಇಟ್ಟ ಕೇಸರಿಬಾತನ್ನು ತಳದವರೆಗೆ ಕೆದಕಿ ನೋಡಿ, ಆಮೇಲೆ ಹುಡುಗಿಯ ಮುಖ ನೋಡಿದೆನಂತೆ. ಹಾಗೆಂದು ಆ ಹುಡುಗಿಯೇ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ತಪ್ಪು ನನ್ನದಲ್ಲ, ಮಾಡಿದ ಕೆಲಸದ್ದು. ಶಿರಸಿಯ ಒಂದು ಅಡಿಕೆ ಸಂಘದ ಅಂಗಳದಲ್ಲಿ ಮಾಲಿನ ದರ್ಜೆ ನೋಡುವುದರಲ್ಲೇ ನನ್ನ ಆಯಸ್ಸು ಕಳೆಯಿತು. ಬೆಳೆಗಾರರು ಚೀಲ ತಂದು ನೆಲದ ಮೇಲೆ ಸುರಿಯುತ್ತಾರೆ. ಒಬ್ಬೊಬ್ಬರದು ಒಂದೊಂದು ರಾಶಿ. ಮೇಲೆ ಹರಡಿದ, ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆ ಮದುಮಗನ ಹಾಗೆ ಮಿರಮಿರ ಮಿಂಚುತ್ತಿರುತ್ತದೆ. ಅದನ್ನು ನೋಡಿ ಮರುಳಾದರೆ ಕೆಲಸ ಹೋಯಿತು. ಅಂಗಿಯ ತೋಳು ಮಡಚಿ ಮೊಣಕೈಯವರೆಗೆ ರಾಶಿಯೊಳಗೆ ಕೈ ತೂರಿಸಿ, ತಳದ ಒಂದು ಮುಷ್ಟಿಯನ್ನು ಮೇಲೆ ತರಬೇಕು. ಆಗ ಹುಳುಕು, ಟೊಳ್ಳು, ಸರಿಯಾಗಿ ಒಣಗದ ಹಸಿ ಮಾಲು ಎಲ್ಲ ಬೆಳಕಿಗೆ ಬರುತ್ತವೆ. ತಳ ಹಸಿಯಿದ್ದರೆ ನಾನು ಅಲ್ಲಿಂದಲೇ ‘ಹಸಿ!’ ಎಂದು ಕೂಗುತ್ತಿದ್ದೆ. ನನ್ನ ಆ ಕೂಗಿಗೆ ದೊಡ್ಡ ದೊಡ್ಡ ಹೆಗಡೆಯವರೆಲ್ಲ ಬೆವರಿದ್ದಾರೆ. ನಿವೃತ್ತಿಯಾಯಿತು, ಆದರೆ ಕೈಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇಂಥ ನನ್ನ ಒಬ್ಬಳೇ ಮಗಳು ವಿನುತಾ ಊರಿನ ಚಿತ್ರಕಲಾ ಶಾಲೆಗೆ ಸೇರುತ್ತೇನೆಂದಳು. ನಾನು ಬೇಡವೆನ್ನಲಿಲ್ಲ. ‘ಆಡಲಿ ಬಿಡಿ, ನಾಲ್ಕು ವರ್ಷ’ ಎಂದು ನೆಂಟರೆದುರು ಹೇಳಿದೆ, ಅಷ್ಟೇ. ಅವಳು ಒಳಗೆ ಲೋಟ ತೊಳೆಯುತ್ತಿದ್ದಳು. ಲೋಟದ ಸದ್ದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಅದನ್ನು ನಾನು ಗಮನಿಸಿದೆ. ಗಮನಿಸುವುದೇ ನನ್ನ ಕಸುಬು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನ ಕಸುಬಿನಲ್ಲಿ ಇರಲಿಲ್ಲ.

ಮೊದಲ ವರ್ಷ ಮುಗಿಯುತ್ತಿದ್ದಂತೆ ‘ಬೇಸಿಗೆ ಅಧ್ಯಯನ’ ಎಂಬ ಹೊಸ ಸಂಗತಿ ಕಿವಿಗೆ ಬಿತ್ತು. ರಜೆಯಲ್ಲಿ ಮಕ್ಕಳು ಅಧ್ಯಯನ ಮಾಡುತ್ತಾರೆಂದರೆ ನಂಬುವುದು ಹೇಗೆ? ನಿಲ್ಕುಂದವೆಂಬ ಹಳ್ಳಿಗೆ ಒಂದು ವಾರ ಹೋಗಿ ಬಂದವಳ ಪುಸ್ತಕವನ್ನು, ಅವಳು ಸ್ನಾನಕ್ಕೆ ಹೋದಾಗ ಬಿಡಿಸಿ ನೋಡಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಹಲಸಿನ ಮರದ ತೊಗಟೆ. ಊರು ಬಿಟ್ಟು ಊರಿಗೆ ಹೋಗಿ, ಏಳು ದಿನ, ಒಂದೇ ತೊಗಟೆ! ಮರದ ಆಚೆ ಬದಿಯಲ್ಲಿ ಯಾರೋ ಹುಡುಗ ನಿಂತಿರಬೇಕೆಂದು ನನಗೆ ಖಾತ್ರಿಯಾಯಿತು.

ಹೀಗಾಗಿ ಎರಡನೆಯ ಬೇಸಿಗೆಯಲ್ಲಿ ಅವರ ತಂಡ ಸಹಸ್ರಲಿಂಗಕ್ಕೆ ಹೋದಾಗ ನಾನು ಹೆಂಡತಿಗೆ ಹಲ್ಲುನೋವೆಂದು ಹೇಳಿ ಭೈರುಂಬೆಯ ಕಡೆ ಬಸ್ಸು ಹತ್ತಿದೆ. ಶಾಲ್ಮಲೆ ಹೊಳೆಯಲ್ಲಿ ನೀರು ಇಳಿದು ಬಂಡೆಗಳೆಲ್ಲ ಮೇಲೆ ಎದ್ದಿದ್ದವು. ಹುಡುಗ ಹುಡುಗಿಯರು ಅಲ್ಲಲ್ಲಿ ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ದಂಡೆಯ ಮರವೊಂದರ ಬುಡದಲ್ಲಿ ಕೊಡೆ ಬಿಡಿಸಿ ಅದರ ಮರೆಯಲ್ಲಿ ಕೂತೆ. ಬಿಸಿಲಿಗೂ ಆಯಿತು, ಪತ್ತೇದಾರಿಗೂ ಆಯಿತು. ಐದು ನಿಮಿಷವಾಗಿರಲಿಕ್ಕಿಲ್ಲ, ಅವರ ಮೇಷ್ಟ್ರು ದೂರದಿಂದಲೇ ಕೈ ಎತ್ತಿ, ‘ಯಜಮಾನ್ರೇ, ಹಾಗೇ ಇರಿ! ಸ್ವಲ್ಪವೂ ಅಲುಗಾಡಬೇಡಿ! ಮಕ್ಕಳು ಬರೀತಿದ್ದಾರೆ!’ ಎಂದು ಕೂಗಿದರು. ಏಳುವಂತಿಲ್ಲ, ಎದ್ದರೆ ಮುಖ ಕಾಣುತ್ತದೆ. ಕೆಂಜಿಗ ಕಚ್ಚಿದರೂ ತುರಿಸುವಂತಿಲ್ಲ. ಪೂರ್ತಿ ಎರಡು ತಾಸು, ಒಂದು ಕಾಲು ಜೋಮು ಹಿಡಿದು, ಇನ್ನೊಂದನ್ನು ಇರುವೆಗಳಿಗೆ ಒಪ್ಪಿಸಿ ಕೂತೆ. ಹುಡುಗ ಯಾರೂ ಪತ್ತೆಯಾಗಲಿಲ್ಲ. ನಾನು ಇಣುಕಿದಾಗ ಮಗಳು ನನ್ನ ಕಡೆ ಬೆನ್ನು ಹಾಕಿ ಬಂಡೆ ಬರೆಯುತ್ತಿದ್ದಳು. ಅವಳು ನನ್ನನ್ನು ನೋಡಲಿಲ್ಲ ಎಂಬ ಸಮಾಧಾನದಲ್ಲಿ ಕುಂಟುತ್ತ ಮನೆಗೆ ಬಂದೆ. ಹಲ್ಲುನೋವೆಂದು ಹೋದವರು ಕುಂಟುವುದೇಕೆಂದು ಹೆಂಡತಿ ಕೇಳಿದಳು. ಆ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಕೊನೆಯ ವರ್ಷವಂತೂ ನನ್ನ ಗುಮಾನಿಗೆ ದಿನಕ್ಕೊಂದು ಮೇವು ಸಿಗುತ್ತಿತ್ತು. ಒಂದು ಸಂಜೆ ಬಂದು, ‘ಅಪ್ಪಾ, ಒಂದು ಮುಷ್ಟಿ ಚಾಲಿ ಬೇಕಾಗಿತ್ತು’ ಎಂದಳು. ಹುಟ್ಟಿದಾಗಿನಿಂದ ಅಡಿಕೆಯ ಕಡೆ ತಿರುಗಿ ನೋಡದವಳು! ‘ಎಂತಕ್ಕೆ?’ ಎಂದರೆ ‘ಸುಮ್ಮಂಗೆ’ ಎಂದಳು. ಮರುವಾರ, ರಾಶಿಯ ಪರೀಕ್ಷೆ ಹೇಗೆ ಮಾಡುವುದೆಂದು ಕೇಳಿದಳು. ಮಗಳು ನನ್ನ ವಿದ್ಯೆಯ ಬಗ್ಗೆ ಕೇಳಿದ್ದು ಅದೇ ಮೊದಲು. ಗುಮಾನಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಅಡುಗೆಮನೆಯ ನೆಲದ ಮೇಲೆ ಡಬ್ಬಿಗಟ್ಟಲೆ ಹೆಸರುಕಾಳು ಸುರಿದು ತೋರಿಸಿಯೇಬಿಟ್ಟೆ. ಹೆಂಡತಿ ಕಾಳು ಗೋರುತ್ತ ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಮತ್ತೆರಡು ದಿನಕ್ಕೆ ಮಗಳು ದಾರ ತಂದು ನನ್ನ ಬಲಗೈಯನ್ನು ಬೆರಳ ತುದಿಯಿಂದ ಮೊಣಕೈಯವರೆಗೆ ಅಳೆದಳು. ಅಂಗಿ ಹೊಲಿಸಬಹುದೆಂದು ತಿಂಗಳುಗಟ್ಟಲೆ ಕಾದೆ. ಅಂಗಿ ಬರಲಿಲ್ಲ. ಚಾಲಿ, ರಾಶಿ, ಅಳತೆ ಎಲ್ಲ ಕೂಡಿಸಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಇವಳು ಯಾವನೋ ಅಡಿಕೆ ವ್ಯಾಪಾರಿಯ ಮಗನನ್ನು ಮದುವೆಯಾಗುವವಳಿದ್ದಾಳೆ, ಅವರ ಮನೆಯವರು ಮಾವನಿಗೆ ಉಡುಗೊರೆ ಹೊಲಿಸುತ್ತಿದ್ದಾರೆ! ಹೆಂಡತಿಗೆ ಹೇಳಿದೆ. ಅವಳು ಹಣೆ ಬಡಿದುಕೊಂಡಳು: ‘ಮಗಳ ಮೇಲೂ ಗುಮಾನಿಯಾ ನಿಂಗಕ್ಕೆ? ಪಾಪ, ಪರೀಕ್ಷೆ ಹತ್ರ ಬಂತು ಹೇಳಿ ಕೂಸು ಊಟನೂ ಸಮಾ ಮಾಡ್ತಾ ಇಲ್ಲೆ!’

ಪರೀಕ್ಷೆಯೆಂದರೆ ಪ್ರದರ್ಶನ. ಓದು ಮುಗಿಸುವ ಮಕ್ಕಳು ತಮ್ಮ ತಮ್ಮ ಕೆಲಸವನ್ನು ಶಾಲೆಯ ಸಭಾಂಗಣದಲ್ಲಿ ಮೂರು ದಿನ ಇಡಬೇಕು, ಮೂರನೆಯ ದಿನ ಹೊರಗಿನ ಪರೀಕ್ಷಕರು ಬಂದು ನೋಡಿ ಪಾಸೋ ನಪಾಸೋ ಹೇಳುತ್ತಾರೆ. ಮೊದಲ ದಿನ ಮಗಳು ಕರೆದಳು. ಸೊಂಟನೋವೆಂದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ನಾಲ್ಕು ವರ್ಷದ ಕೆಲಸ ಟೊಳ್ಳಾಗಿದ್ದರೆ ನನ್ನ ಮುಖ ಅದನ್ನು ಬಚ್ಚಿಡಲಾರದು, ಅವಳು ಮುಖ ಓದುವವಳು. ಎರಡನೆಯ ದಿನ ಅವಳು ಕರೆಯಲಿಲ್ಲ. ರಾತ್ರಿ ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು. ‘ಎಂತಾತೇ?’ ಎಂದು ಅವಳಮ್ಮ ಕೇಳಿದರೆ, ‘ಎಲ್ಲಾ ಕೈ ಹಿಂದೆ ಕಟ್ಗಂಡು ನೋಡ್ತ, ಹೋಗ್ತ. ನಾಳೆನೂ ಹಿಂಗೇ ಆದ್ರೆ ನನ್ ಕೆಲಸ ಅರ್ಧಕ್ಕೇ ನಿಂತ ಹಾಂಗೇ’ ಎಂದಳು. ಅದೇನೆಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಸೀರೆಯುಟ್ಟು ಬಾಗಿಲಲ್ಲಿ ನಿಂತು, ‘ಬತ್ರಾ, ಇಲ್ಯಾ?’ ಎಂದಳು. ಆ ಧ್ವನಿಗೆ ಸೊಂಟನೋವು ತಾನಾಗಿಯೇ ಇಳಿಯಿತು.

ಸಭಾಂಗಣದ ಬಾಗಿಲಲ್ಲೇ ಮೊದಲ ಪೆಟ್ಟು. ಬೇಸಿಗೆ ಅಧ್ಯಯನದ ಚಿತ್ರಗಳ ಗೋಡೆಯಲ್ಲಿ ಏಳು ಚಿತ್ರಗಳು, ಏಳರಲ್ಲೂ ಒಂದೇ ಮರ, ಒಂದೇ ಕೊಡೆ. ಆರರಲ್ಲಿ ಕೊಡೆಯ ಕೆಳಗೆ ಎರಡು ಕಾಲು ಮಾತ್ರ. ಏಳನೆಯದರಲ್ಲಿ ಕೊಡೆಯ ಅಂಚಿನಿಂದ ಒಂದು ಕಣ್ಣು ಇಣುಕುತ್ತಿತ್ತು. ಕೆಳಗೆ ಮಗಳ ಸಹಿ. ಹೆಂಡತಿ ಚಿತ್ರ ನೋಡಿದಳು, ನನ್ನನ್ನು ನೋಡಿದಳು. ‘ಹಲ್ಲುನೋವಾ?’ ಎಂದಳು. ನಾನು ಬೇಗಬೇಗ ಮುಂದಕ್ಕೆ ನಡೆದೆ. ಎರಡು ವರ್ಷ ಎಲ್ಲ ಗೊತ್ತಿದ್ದೂ ಒಂದು ಮಾತು ಆಡದ ಹುಡುಗಿ! ಇಂಥವಳನ್ನು ಗುಮಾನಿಯಿಂದ ನೋಡದೆ ಇರುವುದು ಹೇಗೆ?

ಎಲ್ಲ ಕಡೆ ‘ಮುಟ್ಟಬೇಡಿ’ ಎಂಬ ಚೀಟಿ. ಜನ ದೇವಸ್ಥಾನಕ್ಕೆ ಬಂದವರ ಹಾಗೆ ಮೆಲ್ಲಗೆ ಓಡಾಡುತ್ತಿದ್ದರು. ಮೂಲೆ ತಿರುಗಿದೆ, ಅಲ್ಲೇ ನಿಂತೆ. ನೆಲದ ಮೇಲೆ ಒಂದು ರಾಶಿ. ಚಾಲಿ ಅಡಿಕೆ! ಕನ್ನಡಕ ಮನೆಯಲ್ಲಿತ್ತು, ಪಕ್ಕದ ಸಣ್ಣ ಅಕ್ಷರದ ಬರಹ ಓದಲಾಗಲಿಲ್ಲ. ರಾಶಿ ಓದಲು ನನಗೆ ಕನ್ನಡಕ ಬೇಕಾಗಿಲ್ಲ. ಎಂಥ ಮಾಲು! ಒಂದು ಸೀಳಿಲ್ಲ, ಒಂದು ಕಪ್ಪಿಲ್ಲ, ಎಲ್ಲ ಒಂದೇ ಸಮ. ಇಷ್ಟು ಒಳ್ಳೆಯ ಮೇಲ್ಮಾಲು ಇದೆಯೆಂದರೆ ತಳದಲ್ಲಿ ದೊಡ್ಡ ಮೋಸವಿರಲೇಬೇಕು. ‘ಮುಟ್ಟಬೇಡಿ’ ಚೀಟಿ ಇಲ್ಲಿ ಇರಲಿಲ್ಲ, ಇದ್ದಿದ್ದರೂ ಅಷ್ಟೇ. ತೋಳು ಮಡಚಿದ್ದು ನೆನಪಿದೆ. ‘ಅಯ್ಯೋ, ಎಂತ ಮಾಡ್ತ್ರಿ!’ ಎಂದು ಹೆಂಡತಿ ಅಂಗಿಯ ಚುಂಗು ಎಳೆದದ್ದೂ ನೆನಪಿದೆ. ಅಷ್ಟರಲ್ಲಿ ಕೈ ಮೊಣಕೈಯವರೆಗೆ ಒಳಗೆ ಹೋಗಿತ್ತು. ತಳಕ್ಕೆ ತಾಗಿತು. ತಣ್ಣಗಿತ್ತು, ಮೆತ್ತಗಿತ್ತು. ಐದೂ ಬೆರಳು ಒಳಕ್ಕೆ ಇಳಿದವು.

‘ಹಸಿ!’ ಎಂದು ಕೂಗಿದೆ. ‘ತಳ ಪೂರ್ತಿ ಹಸಿ!’

ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಳೆಯ ವಿದ್ಯೆ ಕೈಕೊಡಲಿಲ್ಲ ಎಂಬ ಹೆಮ್ಮೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಇದು ಸಂಘದ ಅಂಗಳವಲ್ಲ ಎಂಬುದು ನೆನಪಾಯಿತು. ಕಾಲ ಬಳಿ ಉರುಳಿದ ಅಡಿಕೆಯೊಂದನ್ನು ಎಡಗೈಯಲ್ಲಿ ಎತ್ತಿ ನೋಡಿದೆ. ಅದು ಅಡಿಕೆಯಲ್ಲ. ಸುಟ್ಟ ಮಣ್ಣಿನದು, ಒಂದೊಂದನ್ನೂ ಬೆರಳಲ್ಲಿ ತಿದ್ದಿ ಬಣ್ಣ ಹಚ್ಚಿದ್ದು. ರಾಶಿಗೆ ರಾಶಿಯೇ ಹಾಗೆ. ಆ ಕಡೆಯಿಂದ ಮಗಳು ಓಡಿಬರುತ್ತಿದ್ದಳು, ಹಿಂದೆಯೇ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಪರೀಕ್ಷಕರು. ಕೂಸಿನ ನಾಲ್ಕು ವರ್ಷದ ದುಡಿಮೆಯನ್ನು, ಅದೂ ಪರೀಕ್ಷೆಯ ಗಳಿಗೆಯಲ್ಲಿ, ಹೆತ್ತ ಅಪ್ಪನೇ ಕೆದಕಿ ಹಾಳು ಮಾಡಿದೆನಲ್ಲ! ಕೈ ಹಿಂದಕ್ಕೆ ಎಳೆಯಹೋದೆ.

‘ತೆಗೀಯಡ ಅಪ್ಪಾ!’ ಎಂದು ಮಗಳು ಕಿರುಚಿದಳು. ‘ಹಾಂಗೇ ಇರ್ಲಿ! ಇನ್ನೂ ಗಟ್ಟಿ ಒತ್ತು!’

ಒತ್ತಿದೆ. ಜೀವನದಲ್ಲಿ ಮೊದಲ ಬಾರಿಗೆ ಏಕೆಂದು ಕೇಳದೆ ಹೇಳಿದ್ದು ಮಾಡಿದೆ. ಅವಳು ಪಕ್ಕದಲ್ಲಿ ಮಂಡಿಯೂರಿ ನನ್ನ ಕೈಯ ಸುತ್ತಲಿನ ಮಣ್ಣಿನಡಿಕೆಯನ್ನು ಒಂದೊಂದೇ ಸರಿಸಿದಳು. ತಳದಲ್ಲಿ ಹಸಿ ಜೇಡಿಮಣ್ಣಿನ ಹಲಗೆ, ಅದರಲ್ಲಿ ನನ್ನ ಅಂಗೈ. ದಾರದಲ್ಲಿ ಅಳೆದದ್ದು ಅಂಗಿಗಲ್ಲ, ಈ ರಾಶಿಯ ಆಳಕ್ಕೆ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಾಕಿ ಆರದಂತೆ ಕಾದಿಟ್ಟಿದ್ದಳಂತೆ.

‘ಇವರು ಯಾರ್‍ರೀ?’ ಎಂದರು ಧಾರವಾಡದ ಕಡೆಯ ಪರೀಕ್ಷಕರು.

‘ನಮ್ಮಪ್ಪ, ಸರ್. ಇದು ಇವರಿಗೇ ಮಾಡಿದ್ದು. ಇವರು ಕೈ ಹಾಕೋ ತನಕ ಮುಗೀತಿರಲಿಲ್ಲ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ಧ್ವನಿಯಲ್ಲಿ, ‘ಮೂರು ದಿನಂದ ನಿನ್ನನ್ನೇ ಕಾಯ್ತಾ ಇದ್ದಿದ್ದು’ ಎಂದಳು. ಲೋಟ ತೊಳೆಯುವ ಸದ್ದು ನಿಂತದ್ದು ನೆನಪಾಯಿತು. ಪರೀಕ್ಷಕರು ನನ್ನ ಮಣ್ಣು ಮೆತ್ತಿದ ಕೈಯನ್ನು ಹಿಡಿದು ಎಬ್ಬಿಸಿ, ‘ಬರ್‍ರಿ, ಹೇಳ್ರಿ, ಮಾಲು ಹ್ಯಾಂಗೈತಿ?’ ಎಂದರು.

‘ಮೇಲೂ ಒಳ್ಳೆಯದು, ತಳವೂ ಒಳ್ಳೆಯದು’ ಎಂದೆ. ಈ ಮಾತನ್ನು ನಾನು ಸಂಘದ ಅಂಗಳದಲ್ಲಿ ಯಾರ ಮಾಲಿಗೂ ಹೇಳಿದ್ದಿಲ್ಲ.

ವಿನುತಾ ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಅಪ್ಪನ ಪಾಡು ನೋಡಿ ಕನಿಕರದಿಂದ ಎರಡು ಅಂಕ ಹೆಚ್ಚು ಹಾಕಿರಬಹುದೆಂಬ ಸಣ್ಣ ಗುಮಾನಿ ನನಗಿದೆ, ಹೇಳಿಲ್ಲ. ಆ ಹಲಗೆಯನ್ನು ಸುಟ್ಟು ತಂದು ಮನೆಯ ಪಡಸಾಲೆಯ ಕಪಾಟಿನಲ್ಲಿ ಇಟ್ಟಿದ್ದಾಳೆ. ನೆಂಟರು ಬಂದರೆ ನಾನೇ ಮುಂದಾಗಿ, ‘ಮಗಳ ಕೆಲಸ’ ಎಂದು ತೋರಿಸುತ್ತೇನೆ. ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹಲಗೆಯ ಮೇಲ್ಭಾಗವೇನೋ ಚೆನ್ನಾಗಿ ಬೆಂದಿದೆ, ಅಡಿ ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂಬ ಯೋಚನೆ ಬಂತು. ಆಚೀಚೆ ನೋಡಿ, ಮೆಲ್ಲಗೆ ಕಪಾಟಿನಿಂದ ತೆಗೆದು ಮಗುಚಿದೆ. ಅಡಿಯಲ್ಲಿ, ಮಣ್ಣು ಹಸಿಯಿದ್ದಾಗಲೇ ಕಡ್ಡಿಯಲ್ಲಿ ಗೀರಿದ ಮಗಳ ಅಕ್ಷರ:

‘ಇಲ್ಲೂ ನೀ ನೋಡ್ತೆ ಹೇಳಿ ಗೊತ್ತಿತ್ತು, ಅಪ್ಪಾ.’